ಘಾಟಿ ರಸ್ತೆಯ ಮಜಾ ಯಾವುದರಲ್ಲಿ? ಹಳೇ ಸ್ವಿಫ್ಟ್ ಮತ್ತು ಹುರಕಾನ್

ನನ್ನ ಓಟು ಹಳೇ ಸ್ವಿಫ್ಟ್‌ಗೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ಲಕ್ಷದೊಳಗೆ ಸಿಕ್ಕಿದ ಗಾಡಿ, 2005ರಲ್ಲಿ ಬಂತಲ್ಲ, ಆ ಮೊದಲ ತಲೆಮಾರಿನ 1.3 ಲೀಟರ್ ಪೆಟ್ರೋಲ್. ಅದನ್ನು ತಗೊಂಡು ಚಾರ್ಮಾಡಿ ಘಾಟಿಗೆ ಹೋಗುವುದು ನನಗೆ ಅಭ್ಯಾಸವೇ ಆಗಿದೆ. ಈಚೆಗೆ ಗೆಳೆಯನ ಭಾವ ತಮ್ಮ ಲ್ಯಾಂಬೋರ್ಗಿನಿ ಹುರಕಾನ್ ಸೂಪರ್‌ಕಾರ್ ತಂದಿದ್ದರು. ದಾರಿಯಲ್ಲಿ ಗಾಡಿ ಅದಲು ಬದಲು ಮಾಡಿಕೊಂಡೆವು, ಹಾಗಾಗಿ ಒಂದೇ ರಸ್ತೆಯಲ್ಲಿ ಎರಡನ್ನೂ ಓಡಿಸಿ ನೋಡುವ ಅವಕಾಶ ಸಿಕ್ಕಿತು.

ಸ್ವಿಫ್ಟ್‌ಗೆ ಇರುವುದು 87 ಕುದುರೆಶಕ್ತಿ, ಹುರಕಾನ್‌ಗೆ 600ಕ್ಕೂ ಜಾಸ್ತಿ. ಆದರೆ ಕೊಟ್ಟಿಗೆಹಾರ ದಾಟಿ ತಿರುವು ಶುರುವಾದ ಮೇಲೆ ಆ 600ರಲ್ಲಿ ಎಷ್ಟು ಬಳಸಲು ಆಗುತ್ತದೆ ಹೇಳಿ? ಹುರಕಾನ್ ಎರಡನೇ ಗೇರಿನಲ್ಲೇ ನೂರು ದಾಟಿಬಿಡುತ್ತದೆ. ಎಕ್ಸಲರೇಟರ್ ಮೇಲೆ ಕಾಲು ಸ್ವಲ್ಪ ಭಾರ ಬಿಟ್ಟರೆ ಸಾಕು, ಮುಂದಿನ ತಿರುವು ಎದುರಿಗೇ ಬಂದಿರುತ್ತದೆ, ಮತ್ತೆ ಬ್ರೇಕು. ಸ್ವಿಫ್ಟ್‌ನಲ್ಲಿ ಹಾಗಲ್ಲ. ಎರಡನೇ ಗೇರಿನಲ್ಲಿ ಎಂಜಿನ್ ಪೂರ್ತಿ ಕೂಗುವವರೆಗೆ ಎಳೆದು, ಮೂರಕ್ಕೆ ಹಾಕಿ, ತಿರುವಿಗೆ ಮುಂಚೆ ಬ್ರೇಕ್ ಒತ್ತಿ ಮತ್ತೆ ಎರಡಕ್ಕೆ ಇಳಿಸಿ, ಗಾಡಿ ಒಂದು ಕಡೆ ವಾಲಿಕೊಂಡು ಟೈರು ಕಿರ್ ಅಂದರೂ ಮೀಟರ್ ನೋಡಿದರೆ ಇನ್ನೂ ನಲವತ್ತೋ ಐವತ್ತೋ. ಗಾಡಿಗೆ ಇರುವ ತಾಕತ್ತೆಲ್ಲ ನಮ್ಮ ಕೈಗೆ ಸಿಗುತ್ತದೆ. ಮಜಾ ಅಂದರೆ ನನಗೆ ಅದೇ.

ಅಗಲದ ವಿಷಯ ಬೇರೆ. ಹುರಕಾನ್ ಕನ್ನಡಿ ಬಿಟ್ಟೇ 1.9 ಮೀಟರ್ ದಾಟುತ್ತದೆ. ತಿರುವಿನಲ್ಲಿ ಎದುರಿಗೆ ಕೆಎಸ್ಆರ್‌ಟಿಸಿ ಬಸ್ ಬಂದಾಗ ಜೀವ ಕೈಯಲ್ಲಿ.

ಇನ್ನು ಹಂಪ್ಸ್. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ನಿಯಮದ ಪ್ರಕಾರ ರಸ್ತೆ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಹಾಗಿದ್ದರೆ ಯಾವ ಗಾಡಿಯೂ ಮೆಲ್ಲಗೆ ಹತ್ತಿ ಇಳಿಯುತ್ತದೆ. ಆದರೆ ಬೇಲೂರು ದಾಟಿದ ಮೇಲೆ ನಮಗೆ ಸಿಕ್ಕಿದವು ಬಹಳಷ್ಟು ಕಿರಿದು, ಕಡಿದು. ಕೆಲವಕ್ಕೆ ಬಿಳಿ ಬಣ್ಣವೂ ಇಲ್ಲ, ಹತ್ತಿರ ಹೋಗುವವರೆಗೆ ಗೊತ್ತೇ ಆಗುವುದಿಲ್ಲ.

ಹುರಕಾನ್‌ನಲ್ಲಿ ಮೂಗು ಎತ್ತುವ ಬಟನ್ ಇದೆ. ಉಬ್ಬು ಕಂಡ ಕೂಡಲೇ ನಿಧಾನ ಮಾಡಬೇಕು, ಬಟನ್ ಒತ್ತಬೇಕು, ಮುಂಭಾಗ ಏಳುವವರೆಗೆ ಕಾಯಬೇಕು, ಆಮೇಲೆ ಅಡ್ಡಡ್ಡ ತಿರುಗಿಸಿ ಒಂದೊಂದೇ ಚಕ್ರ ಹತ್ತಿಸಬೇಕು. ಅಷ್ಟರಲ್ಲಿ ಹಿಂದೆ ಟೆಂಪೋದವನು ಹಾರ್ನ್ ಒತ್ತುತ್ತಿರುತ್ತಾನೆ, ಪಕ್ಕದಲ್ಲಿ ಬೈಕಿನವರು ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಿರುತ್ತಾರೆ. ಇಷ್ಟೆಲ್ಲ ಮಾಡಿಯೂ ಒಂದು ಕಡೆ ಅಡಿಗೆ ಗರ್ ಅಂತ ತಾಗಿತು. ಆಮೇಲೆ ಭಾವ ರಸ್ತೆಯ ಮೇಲಿನ ಕಣ್ಣು ತೆಗೆಯಲೇ ಇಲ್ಲ, ನನಗೂ ಸುತ್ತಲಿನ ಕಾಫಿ ತೋಟ ಕಾಣಲಿಲ್ಲ, ಬರೀ ಉಬ್ಬು ಹುಡುಕುವುದೇ ಕೆಲಸ. ನಮ್ಮೂರ ರಸ್ತೆಯಲ್ಲಿ ಖುಷಿಯನ್ನು ತಿಂದುಹಾಕುವುದು ಇದೊಂದೇ ವಿಷಯ, ಬೇರೆ ಯಾವುದೂ ಇಷ್ಟು ಕಾಡುವುದಿಲ್ಲ. ಸ್ವಿಫ್ಟ್ ಅದೇ ಉಬ್ಬುಗಳನ್ನು ಎರಡನೇ ಗೇರಿನಲ್ಲಿ ಹತ್ತಿ ಇಳಿದು ಹೋಯಿತು.

ಸದ್ದಿನ ವಿಷಯದಲ್ಲಿ ಮಾತ್ರ ಹುರಕಾನ್ ಮುಂದೆ ಯಾವುದೂ ನಿಲ್ಲುವುದಿಲ್ಲ. ಬೆನ್ನ ಹಿಂದೆಯೇ ಟರ್ಬೊ ಇಲ್ಲದ, ಹತ್ತು ಸಿಲಿಂಡರಿನ 5.2 ಲೀಟರ್ ವಿ10 ಎಂಜಿನ್, ಎಂಟು ಸಾವಿರ ಆರ್‌ಪಿಎಂ ದಾಟಿ ಹಾಡುತ್ತದೆ. ಹಾಸನದ ಹೆದ್ದಾರಿಯಲ್ಲಿ ಖಾಲಿ ಜಾಗ ಸಿಕ್ಕಾಗ ಅದನ್ನು ಕೇಳಿ ಮೈ ಜುಮ್ಮೆಂದಿತು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಟ್ರ್ಯಾಕ್‌ಗೆ ಆಗಾಗ ಹೋಗುವವರಾದರೆ ನನ್ನ ಮಾತು ಕೇಳಬೇಡಿ, ಅಲ್ಲಿ ಸೂಪರ್‌ಕಾರ್ ಕಥೆಯೇ ಬೇರೆ.

ದುಡ್ಡಿನ ಮಾತು ಒಂದೇ ಸಾಲು: 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಕರ್ನಾಟಕದಲ್ಲಿ ರಸ್ತೆ ತೆರಿಗೆಯೇ 18%, ಮೂರು ಕೋಟಿಯ ಗಾಡಿಗೆ ಲೆಕ್ಕ ಹಾಕಿ, 50 ಲಕ್ಷ ದಾಟುತ್ತದೆ.

ನಾನು ಬೆಳಗ್ಗೆ ಬೇಗ ಎದ್ದು ಘಾಟಿಗೆ ಹೋಗಿ, ನೀರುದೋಸೆ ತಿಂದು, ಮಧ್ಯಾಹ್ನಕ್ಕೆ ವಾಪಸ್ ಹೊರಡುವವನು. ಗಾಡಿಯನ್ನು ಎಲ್ಲಿ ಬೇಕಾದರೂ ನಿಲ್ಲಿಸುತ್ತೇನೆ, ಗೀರು ಬಿದ್ದರೆ ನಿದ್ದೆ ಕೆಡುವುದಿಲ್ಲ. ಇಂಥ ಅಭ್ಯಾಸದವರಿಗೆ ಸ್ವಿಫ್ಟೇ ಸರಿ. ತಗೊಳ್ಳುವುದಾದರೆ 1.3 ಎಂಜಿನ್ನಿನದನ್ನೇ ಹುಡುಕಿ, 2010ರಲ್ಲಿ ಅದರ ಬದಲು 1.2 ಲೀಟರ್ ಎಂಜಿನ್ ಬಂತು. ಸಸ್ಪೆನ್ಷನ್ ಬುಷ್ ಬದಲಾಯಿಸಿ, ಒಳ್ಳೆ ಟೈರು ಹಾಕಿಸಿ. ನನ್ನ ಗಾಡಿಯಂತೆ ಎಬಿಎಸ್ (ಬ್ರೇಕ್ ಜೋರಾಗಿ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ್ದಾದರೆ ಮಳೆಗಾಲದಲ್ಲಿ ಹುಷಾರು. 15 ವರ್ಷ ದಾಟಿರುವುದರಿಂದ ಆರ್‌ಸಿ ನವೀಕರಣ, ಗ್ರೀನ್ ಟ್ಯಾಕ್ಸ್ ಎರಡೂ ಕಟ್ಟಿದೆಯಾ ಅಂತ ನೋಡಿಕೊಂಡೇ ಅಡ್ವಾನ್ಸ್ ಕೊಡಿ.