ಗೋಂಪರ್ಟ್ಸೋ, ಮೇಕ್‌ಹ್ಯಾಮೋ? ಸಾವಿನ ಲೆಕ್ಕಕ್ಕೆ ಯಾವ ಸೂತ್ರ

ಆಯಸ್ಸಿನ ಲೆಕ್ಕಕ್ಕೆ ಕೂತವರಿಗೆ ಮೊದಲು ಎದುರಾಗುವುದೇ ಈ ಆಯ್ಕೆ.

1825ರಲ್ಲಿ ಬೆಂಜಮಿನ್ ಗೋಂಪರ್ಟ್ಸ್ ಕೊಟ್ಟ ಸೂತ್ರದಲ್ಲಿ ವಯಸ್ಕರ ಸಾವಿನ ಅಪಾಯ ಚಕ್ರಬಡ್ಡಿಯ ಹಾಗೆ ಏರುತ್ತದೆ. ಸುಮಾರು 8 ವರ್ಷಕ್ಕೊಮ್ಮೆ ದುಪ್ಪಟ್ಟು. 40ನೇ ವಯಸ್ಸಿನಲ್ಲಿ ಸಾವಿರಕ್ಕೆ 2 ಎಂದಿಟ್ಟುಕೊಳ್ಳಿ: 48ಕ್ಕೆ 4, 56ಕ್ಕೆ 8, 64ಕ್ಕೆ 16. ಆರಂಭದ ಅಪಾಯ, ಅದು ಏರುವ ವೇಗ: ಬರೀ ಈ ಎರಡು ಅಂಕಿಗಳಲ್ಲಿ ಇಷ್ಟನ್ನು ಹಿಡಿದಿಟ್ಟಿದ್ದು ನನಗೆ ಇಂದಿಗೂ ಬೆರಗು.

ಆದರೆ 25ರ ಹುಡುಗ ಬೈಕ್ ಅಪಘಾತದಲ್ಲಿ ಹೋಗುವುದಕ್ಕೂ ಮುಪ್ಪಿಗೂ ಏನು ಸಂಬಂಧ? 1860ರಲ್ಲಿ ವಿಲಿಯಂ ಮೇಕ್‌ಹ್ಯಾಮ್ ಗೋಂಪರ್ಟ್ಸ್ ಸೂತ್ರಕ್ಕೆ ಸೇರಿಸಿದ, ವಯಸ್ಸಿನೊಂದಿಗೆ ಬದಲಾಗದ ಸ್ಥಿರಾಂಕ ಇಂಥ ಸಾವುಗಳನ್ನೂ ಲೆಕ್ಕಕ್ಕೆ ತರುತ್ತದೆ.

ಮರಣದರದ ಲಾಗರಿದಮ್ ತೆಗೆದು, ವಯಸ್ಸಿಗೆ ತಕ್ಕಂತೆ ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡಿ. ನೇರ ಗೆರೆ ಬಂದರೆ ಗೋಂಪರ್ಟ್ಸ್ ಸಾಕು. ಎಳೆ ವಯಸ್ಸಿನ ಕಡೆ ಚುಕ್ಕೆಗಳು ಗೆರೆಗಿಂತ ಮೇಲೆ ಉಳಿದು ಚಪ್ಪಟೆಯಾಗಿದ್ದರೆ ಮೇಕ್‌ಹ್ಯಾಮ್ ಬೇಕೇ ಬೇಕು. ವಿಮೆಯ ಲೆಕ್ಕವಾದರೆ ನಾನು ಇದನ್ನೇ ಹಿಡಿಯುತ್ತೇನೆ, ಯಾಕೆಂದರೆ ಅಲ್ಲಿ ಯುವಕರೂ ಇರುತ್ತಾರೆ. 80 ದಾಟಿದವರದಷ್ಟೇ ಅಂಕಿಅಂಶ ಕೈಯಲ್ಲಿದ್ದರೆ ಆ ಸ್ಥಿರಾಂಕದಿಂದ ಹೆಚ್ಚೇನೂ ವ್ಯತ್ಯಾಸವಾಗದು.

ಶಿಶುಮರಣಕ್ಕೆ ಎರಡೂ ಹೊಂದುವುದಿಲ್ಲ. ಮುಂದಿನ ದಶಕಗಳ ಮರಣದರ ಅಂದಾಜಿಸಬೇಕಿದ್ದರೆ 1992ರ ಲೀ–ಕಾರ್ಟರ್ ಮಾದರಿಗೆ ಹೋಗಿ.