64 ಜಿಬಿ ಪೆನ್ ಡ್ರೈವ್: ಜಾಗ ಇದ್ದರೂ ಫೈಲ್ ಏಕೆ ಹೋಗುತ್ತಿಲ್ಲ?

ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದರೆ 64 ಜಿಬಿ ಪೆನ್ ಡ್ರೈವ್ ಅಂಗಡಿ ಅಂಗಡಿಯಲ್ಲೂ ಸಿಗುತ್ತದೆ. ಮಾಟುಂಗ, ಮಾಹಿಮ್ ಕಡೆ ಯಕ್ಷಗಾನ, ನಾಟಕ ರೆಕಾರ್ಡ್ ಮಾಡಿಕೊಳ್ಳುವ ಕನ್ನಡಿಗರಿಗೆ ಈ ಅಳತೆ ಧಾರಾಳ. ಕಂಪ್ಯೂಟರಿನಲ್ಲಿ 59.6 ಜಿಬಿ ಎಂದೋ ತುಸು ಕಡಿಮೆಯೋ ಕಂಡರೆ ಮೋಸವಲ್ಲ. ತಯಾರಕರದು ಸಾವಿರದ ಲೆಕ್ಕ, ವಿಂಡೋಸ್‌ನದು 1024ರ ಲೆಕ್ಕ.

ತೊಡಕು ಬೇರೆ ಕಡೆ ಇದೆ. 7 ಜಿಬಿಯ ತಾಳಮದ್ದಳೆ ವಿಡಿಯೊ ಹಾಕಹೊರಟರೆ, ಡ್ರೈವ್ ಪೂರ್ತಿ ಖಾಲಿ ಇದ್ದರೂ ಫೈಲ್ ತೀರಾ ದೊಡ್ಡದೆಂದು ವಿಂಡೋಸ್ ನಿಲ್ಲಿಸಿಬಿಡಬಹುದು. ಡ್ರೈವ್ ಕೆಟ್ಟಿಲ್ಲ, ದಯವಿಟ್ಟು ವಾಪಸ್ ಮಾಡಬೇಡಿ. ಕೆಲವು ಡ್ರೈವ್‌ಗಳು ಫೈಲ್ ಜೋಡಿಸಿಡುವ ಹಳೆಯ ವಿಧಾನವಾದ ಫ್ಯಾಟ್32 ಫಾರ್ಮ್ಯಾಟ್‌ನಲ್ಲೇ ಬರುತ್ತವೆ. ಅದರಲ್ಲಿ ಒಂದು ಫೈಲಿನ ಅಳತೆ ಬರೆದಿಡಲು ಇರುವುದು ಬರೀ 4 ಬೈಟು. ಅಷ್ಟರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 4,29,49,67,295, ಅಂದರೆ 4 ಜಿಬಿಗೆ ಒಂದೇ ಒಂದು ಬೈಟು ಕಮ್ಮಿ. ಸೆಕೆಂಡಿಗೆ 25 ಮೆಗಾಬಿಟ್‌ನ ರೆಕಾರ್ಡಿಂಗ್ ಸುಮಾರು 23 ನಿಮಿಷಕ್ಕೇ ಈ ಗಡಿ ಮುಟ್ಟುತ್ತದೆ. 32 ಜಿಬಿ ಕಾರ್ಡ್ ಹಾಕಿದ ಕ್ಯಾಮೆರಾ ಭಾಗವತರ ಪದ್ಯದ ನಡುವೆಯೇ ಫೈಲ್ ತುಂಡು ಮಾಡುವುದೂ ಸಾಮಾನ್ಯವಾಗಿ ಇದೇ ಕಾರಣಕ್ಕೆ.

ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಫ್ಯಾಟ್32 ಎಂದಿದ್ದರೆ ಒಳಗಿರುವುದನ್ನೆಲ್ಲ ಬೇರೆಡೆ ಕಾಪಿ ಮಾಡಿಕೊಂಡು, ಫಾರ್ಮ್ಯಾಟ್‌ನಲ್ಲಿ ಎಕ್ಸ್‌ಫ್ಯಾಟ್ ಆರಿಸಿ. ಇದರಲ್ಲಿ ಮನೆಬಳಕೆಗೆ ಗಡಿಯೇ ಇಲ್ಲವೆನ್ನಬಹುದು. ವಿಂಡೋಸ್, ಮ್ಯಾಕ್, ಈಚಿನ ಲಿನಕ್ಸ್ ಮೂರರಲ್ಲೂ ಓದುಬರಹ ಸಲೀಸು. ವಿಂಡೋಸ್‌ನ ಇನ್ನೊಂದು ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಕೂಡ 4 ಕೆಬಿ ಕ್ಲಸ್ಟರಿನಲ್ಲಿ (ಕ್ಲಸ್ಟರ್ ಎಂದರೆ ಫೈಲಿಗೆ ಕೊಡುವ ಜಾಗದ ಅತಿ ಚಿಕ್ಕ ತುಂಡು) ಸುಮಾರು 16 ಟಿಬಿಯ ಫೈಲ್ ತಾಳುತ್ತದೆ. ವಿಂಡೋಸ್‌ನ ಕನ್ವರ್ಟ್ ಕಮಾಂಡ್‌ನಿಂದ ಡೇಟಾ ಅಳಿಸದೆಯೇ ಅದಕ್ಕೆ ಬದಲಿಸಬಹುದು, ಆದರೆ ಮ್ಯಾಕ್ ತಾನಾಗಿ ಅದರ ಮೇಲೆ ಬರೆಯುವುದಿಲ್ಲ. ಹಾಗಾಗಿ ನಮ್ಮ ಮತ ಎಕ್ಸ್‌ಫ್ಯಾಟ್‌ಗೇ.

ಅದಕ್ಕೂ ಕೊರತೆಗಳಿವೆ. ಈ ಅಳತೆಯ ಡ್ರೈವ್‌ನಲ್ಲಿ ವಿಂಡೋಸ್ ಕೊಡುವ ಕ್ಲಸ್ಟರ್ 128 ಕೆಬಿ: 4 ಕೆಬಿಯ ಹತ್ತು ಸಾವಿರ ಫೈಲ್‌ಗಳು 1.2 ಜಿಬಿ ನುಂಗುತ್ತವೆ. ಬದಲಾವಣೆಗಳನ್ನು ಮೊದಲೇ ಗುರುತು ಹಾಕಿಡುವ ಜರ್ನಲ್ ಇಲ್ಲದ್ದರಿಂದ ಬರೆಯುತ್ತಿರುವಾಗ ಕಿತ್ತರೆ ಇಡೀ ಫೋಲ್ಡರ್ ಕೈತಪ್ಪಬಹುದು. ಇಜೆಕ್ಟ್ ಮಾಡಿಯೇ ತೆಗೆಯಿರಿ.

ಹಳೆಯ ಟಿವಿ, ಕಾರ್ ಸ್ಟೀರಿಯೊಗಳಲ್ಲಿ ಹಲವು ಫ್ಯಾಟ್32 ಬಿಟ್ಟು ಬೇರೇನನ್ನೂ ಓದವು. ಅವಕ್ಕೆ ಬೇರೊಂದು ಚಿಕ್ಕ ಡ್ರೈವ್ ಇಟ್ಟುಕೊಳ್ಳಿ. ದೊಡ್ಡ ವಿಡಿಯೊವನ್ನು 7-ಜಿಪ್ ಎಂಬ ತಂತ್ರಾಂಶದಲ್ಲಿ ಒಡೆದರೆ ಆ ತುಂಡುಗಳು ಟಿವಿಯಲ್ಲಿ ಓಡುವುದಿಲ್ಲ. ವಿಡಿಯೊ ಎಡಿಟರಿನಲ್ಲೇ ದೃಶ್ಯ ಮುಗಿಯುವ ಕಡೆ ಕತ್ತರಿಸಿ, ಪ್ರತಿ ಭಾಗ 4 ಜಿಬಿಯೊಳಗೆ ಇರಲಿ.