ರೇಷ್ಮೆಯ ಮೇಲೆ ತಾವರೆ: ಫ್ಯಾಬ್ರಿಕ್ ಪೇಂಟೋ, ಹಬೆಯ ಬಣ್ಣವೋ?

ತಾವರೆಯ ಎಸಳಿನ ತುದಿ ಕಡುಗುಲಾಬಿ, ಬುಡ ಹೆಚ್ಚುಕಡಿಮೆ ಬಿಳಿ. ಎರಡರ ನಡುವೆ ಗೆರೆ ಕಾಣದಂತೆ ಬಣ್ಣವನ್ನು ಇಳಿಸುವುದರಲ್ಲೇ ಚಿತ್ರದ ಸೊಗಸೆಲ್ಲ ಇದೆ. ಒಂದೇ ತಾವರೆಯನ್ನು ಬಿಳಿ ರೇಷ್ಮೆಯ ಮೇಲೆ ಅಕ್ರಿಲಿಕ್ ಫ್ಯಾಬ್ರಿಕ್ ಪೇಂಟಿನಲ್ಲೂ, ಹಬೆ ಕೊಟ್ಟು ಕೂರಿಸುವ ದ್ರವ ಬಣ್ಣದಲ್ಲೂ ಬರೆದು ಅಕ್ಕಪಕ್ಕ ಇಟ್ಟು ನೋಡಿದ್ದೇನೆ.

ಫ್ಯಾಬ್ರಿಕ್ ಪೇಂಟಿನಲ್ಲಿ ಬಣ್ಣ ಬೆರೆಯುವುದು ಬ್ರಷ್‌ನಲ್ಲಿ. ಚಪ್ಪಟೆ ಬ್ರಷ್‌ನ ಒಂದು ಮೂಲೆಗೆ ಗುಲಾಬಿ, ಇನ್ನೊಂದಕ್ಕೆ ಬಿಳಿ ತೆಗೆದುಕೊಂಡು, ತಟ್ಟೆಯ ಮೇಲೆ ಒಂದೇ ಜಾಗದಲ್ಲಿ ಹಿಂದೆಮುಂದೆ ಆಡಿಸಿ, ಆಮೇಲೆ ಎಸಳನ್ನು ಒಂದೇ ಎಳೆತಕ್ಕೆ ಬರೆಯಬೇಕು. ತೆಳುವಾಗಿಸಲು ನೀರಿಗಿಂತ ಮೀಡಿಯಂ (ಪೇಂಟಿಗೆ ಬೆರೆಸಲೆಂದೇ ಸಿಗುವ ಬಣ್ಣವಿಲ್ಲದ ದ್ರವ) ಮೇಲು. ನೀರು ಹೆಚ್ಚಾದರೆ ಬಣ್ಣ ಎಳೆಗಳುದ್ದಕ್ಕೂ ಹರಿಯುತ್ತದೆ, ಹಿಡಿತವೂ ಸಡಿಲವಾಗುತ್ತದೆ. ಬೇಸಿಗೆಯಲ್ಲಿ ಫ್ಯಾನ್ ಆರಿಸಿಯೇ ಕೂರಬೇಕು, ಇಲ್ಲವಾದರೆ ಎರಡನೆಯ ಎಳೆತಕ್ಕೆ ಮೊದಲೇ ಒಣಗಿಬಿಡುತ್ತದೆ. ಪೂರ್ತಿ ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಮಾಡಿದರೆ ಕೆಲಸ ಮುಗಿಯಿತು. ಆದರೆ ಬಿಳಿ ಬಣ್ಣ ಬಿದ್ದ ಕಡೆ ರೇಷ್ಮೆಯ ಹೊಳಪು ಹೋಗುತ್ತದೆ, ಎಸಳು ಬಟ್ಟೆಯ ಮೇಲೆ ಅಂಟಿಸಿದಂತೆ ಬಿರುಸಾಗುತ್ತದೆ. ನನಗೆ ಇದು ಸಣ್ಣ ದೋಷವಲ್ಲ.

ದ್ರವ ಬಣ್ಣದಲ್ಲಿ ಬೆರೆಯುವುದು ಬಟ್ಟೆಯಲ್ಲೇ. ಮೊದಲು ಒಗೆದು ಗಂಜಿ ತೆಗೆದ ರೇಷ್ಮೆಯನ್ನು ಫ್ರೇಮಿಗೆ ಬಿಗಿದು, ಎಸಳಿನ ಅಂಚನ್ನು ಗುಟ್ಟಾದಿಂದ, ಅಂದರೆ ಬಣ್ಣ ಗೆರೆ ದಾಟದಂತೆ ತಡೆಯುವ ಅಂಟುದ್ರವದಿಂದ, ಬರೆದುಕೊಳ್ಳಬೇಕು. ಗೆರೆಯಲ್ಲಿ ಸೂಜಿಮೊನೆಯಷ್ಟು ಬಿರುಕಿದ್ದರೂ ಗುಲಾಬಿ ಎಲೆಯ ಹಸಿರಿಗೆ ನುಗ್ಗಿ ಇಬ್ಬರೂ ಕಂದು ಕೆಸರಾಗುತ್ತಾರೆ. ಬೆಳಕಿಗೆ ಹಿಡಿದು ಒಮ್ಮೆ ನೋಡಿ. ಆಮೇಲೆ ಎಸಳಿಗೆ ಬರೀ ನೀರು ಹಚ್ಚಿ ಕಾಯುವುದು. ನೀರಿನ ಮಿನುಗು ಅಡಗಿ, ಬಟ್ಟೆ ಇನ್ನೂ ತಣ್ಣಗಿರುವ ಹೊತ್ತಿಗೆ ತುದಿಗೆ ಗುಲಾಬಿಯನ್ನು ಮುಟ್ಟಿಸಿದರೆ ಅದು ತಾನಾಗಿಯೇ ಬುಡದತ್ತ ತಿಳಿಯಾಗುತ್ತಾ ಸಾಗುತ್ತದೆ. ಅವಸರಪಟ್ಟರೆ ಬಣ್ಣ ಗುಟ್ಟಾದ ಅಂಚಿಗೆ ಓಡಿ ಮಡುಗಟ್ಟುತ್ತದೆ. ತಡವಾದರೆ ನಿಂತಲ್ಲೇ ಗಾಢ ಅಂಚು ಮೂಡುತ್ತದೆ. ಬುಡದ ಬಿಳಿ ಇಲ್ಲಿ ರೇಷ್ಮೆಯದೇ ಬಿಳಿ. ಎಸಳಿನೊಳಗಿಂದ ಬೆಳಕು ಬಂದಂತೆ ಕಾಣುವುದು ಆ ಕಾರಣಕ್ಕೆ.

ಈ ಬಣ್ಣಗಳಲ್ಲಿ ಹೆಚ್ಚಿನವು ರೇಷ್ಮೆಯ ಪ್ರೋಟೀನಿನೊಂದಿಗೇ ಬೆಸೆದುಕೊಳ್ಳುವುದರಿಂದ ಬಟ್ಟೆಯ ಮೃದುತ್ವ ಉಳಿಯುತ್ತದೆ. ಜಪಾನಿನ ಕ್ಯೋಟೋದಲ್ಲಿ ಯೂಜೆನ್ ಎಂಬ ಶೈಲಿಯಲ್ಲಿ ಬಟ್ಟೆಗೆ ಬಣ್ಣ ಬರೆಯುವ ಕಲಾವಿದರು ಅಕ್ಕಿಯ ಅಂಟಿನಿಂದ ಗೆರೆ ಎಳೆದು, ಒಳಗೆ ಬಣ್ಣ ಇಳಿಸಿ, ಹಬೆ ಕೊಡುವುದೂ ಇದೇ ಜಾಡಿನಲ್ಲಿ.

ತೊಡಕೆಂದರೆ ಹಬೆ. ಅಚ್ಚಾಗದ ಕಾಗದದಲ್ಲಿ ಸುತ್ತಿ, ನೀರಿಗೆ ತಾಗದಂತೆ ಪಾತ್ರೆಯಲ್ಲಿಡಬೇಕು; ಮುಚ್ಚಳದಿಂದ ಒಂದು ಹನಿ ಬಿದ್ದರೂ ಕಲೆ. ಮೈಸೂರು ಕ್ರೇಪ್‌ನಲ್ಲಿ ನೂಲಿಗೆ ತಿರುವು ಹೆಚ್ಚಾದ್ದರಿಂದ ಬಣ್ಣ ಸ್ವಲ್ಪ ತರಿತರಿಯಾಗಿ ಹರಡುತ್ತದೆ. ಕಲಿಯುವವರಿಗೆ ನುಣುಪು ರೇಷ್ಮೆಯೇ ವಾಸಿ. ಹಸಿ ಬಣ್ಣದ ಮೇಲೆ ಉಪ್ಪು ಉದುರಿಸಿ ಚಿತ್ತಾರ ಮೂಡಿಸುವ ವಿಧಾನ ಹಿನ್ನೆಲೆಗೆ ಚೆನ್ನ, ಎಸಳಿಗೆ ಬೇಡ.

ಕೆನೆಬಣ್ಣದ ಸೆರಗಿಗೆ ತಾವರೆ ಬೇಕಿದ್ದರೆ ಕಣ್ಣುಮುಚ್ಚಿ ದ್ರವ ಬಣ್ಣವನ್ನೇ ಆರಿಸುತ್ತೇನೆ. ಕಡುನೀಲಿ ರವಿಕೆಯ ತೋಳಿನ ದಾಸವಾಳಕ್ಕೆ ಮಾತ್ರ ಫ್ಯಾಬ್ರಿಕ್ ಪೇಂಟೇ ಗತಿ, ಏಕೆಂದರೆ ಪಾರದರ್ಶಕ ಬಣ್ಣ ಕಡುಬಣ್ಣದ ಮೇಲೆ ಏಳುವುದಿಲ್ಲ. ಎರಡನ್ನೂ ಸೇರಿಸುವುದಾದರೆ ಹಬೆ ಕೊಟ್ಟು ಒಗೆದ ತಾವರೆಯ ಮೇಲೆ ಕೇಸರಗಳನ್ನಷ್ಟೇ ಹಳದಿ ಫ್ಯಾಬ್ರಿಕ್ ಪೇಂಟಿನಲ್ಲಿ, ಸೊನ್ನೆ ನಂಬರಿನ ಬ್ರಷ್‌ನಿಂದ ಎಳೆಯಿರಿ.